ಹಸುವಿನ ತೊಂದರೆ ಹೇಳುವವರು ನಿಮ್ಮದನ್ನೂ ಹೇಳಿ

"ಡಾಕ್ಟ್ರೇ, ನಿನ್ನೆಯಿಂದ ಹಸು ಸ್ವಲ್ಪ ಸ್ವಲ್ಪವೇ ಗಂಜಲ ಹೊಯ್ತಾ ಇದೆ" ಎಂದು ಶಿಕಾರಿಪುರ, ಸೊರಬದ ತಾಯಂದಿರು ಫೋನ್ ಮಾಡುತ್ತಾರೆ. ಎಷ್ಟು ಸಲ, ಯಾವ ಬಣ್ಣ ಎಂಬ ಲೆಕ್ಕವೂ ಅವರಲ್ಲಿರುತ್ತದೆ. ಆದರೆ ಡೇರಿಯ ಸಾಲಿನಲ್ಲೋ ಬಸ್ಸಿನಲ್ಲೋ ತಮಗೇ ತಡೆಯಲಾಗದಂತೆ ಒಂದಕ್ಕೆ ಬಂದರೆ ಅದನ್ನು ಯಾರಿಗೂ ಹೇಳುವುದಿಲ್ಲ. ಬದಲಿಗೆ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ.

ಹಗಲಿನಲ್ಲಿ 8ಕ್ಕಿಂತ ಹೆಚ್ಚು ಸಲ ಹೋಗಬೇಕಾಗುವುದು, ರಾತ್ರಿ ಪದೇ ಪದೇ ಏಳುವುದು, ಬಚ್ಚಲು ಮುಟ್ಟುವ ಮೊದಲೇ ಸೀರೆ ಒದ್ದೆಯಾಗುವುದು ವಯಸ್ಸಿನ ಶಾಪವೂ ಅಲ್ಲ, ಹೆರಿಗೆಯ ಕರ್ಮವೂ ಅಲ್ಲ. ಮೂತ್ರಕೋಶ ತುಂಬುವ ಮೊದಲೇ ಹಿಂಡಿಕೊಳ್ಳುವ ಕಾಯಿಲೆ ಇದು. ಇದಕ್ಕೆ ಚಿಕಿತ್ಸೆ ಇದೆ.

ಕೀಟನಾಶಕ ಹೊಡೆದ ಮೇವು ತಿಂದ ಹಸುವನ್ನು ನೀವು ನೋಡಿರಬಹುದು. ಜೊಲ್ಲು ಸುರಿಯುತ್ತದೆ, ಮೇಲಿಂದ ಮೇಲೆ ಸಗಣಿ, ಗಂಜಲ ಹಾಕುತ್ತದೆ. ಕೆಲವು ಕೀಟನಾಶಕಗಳಿಂದ ನರಗಳ ಸಂದೇಶ ಮಿತಿಮೀರುವುದೇ ಕಾರಣ. ಆಗ ನಾವು ಕೊಡುವ ಅಟ್ರೋಪಿನ್ ಚುಚ್ಚುಮದ್ದು ಆ ಸಂದೇಶವನ್ನು ತಡೆಯುತ್ತದೆ. ಜೊಲ್ಲು ನಿಂತು ಬಾಯಿ ಒಣಗುತ್ತದೆ. ಮನುಷ್ಯರ ಮೂತ್ರಕೋಶಕ್ಕೆ ಕೊಡುವ ಟಾಲ್ಟರೊಡಿನ್, ಸೋಲಿಫೆನಾಸಿನ್ ಮಾತ್ರೆಗಳೂ ಇದೇ ದಾರಿಯಲ್ಲಿ ಕೆಲಸ ಮಾಡುತ್ತವೆ. ಹಾಗೆಂದು ಹಸುವಿನ ಔಷಧ ನಿಮಗಲ್ಲ. ಕೊಟ್ಟಿಗೆಯ ಪೆಟ್ಟಿಗೆಯಿಂದ ಏನನ್ನೂ ತೆಗೆದುಕೊಳ್ಳಬೇಡಿ.

ಮಾತ್ರೆಗಿಂತ ಮೊದಲು ಪರೀಕ್ಷೆ ಆಗಬೇಕು. ಮೂತ್ರದ ಸೋಂಕು, ಸಕ್ಕರೆ ಕಾಯಿಲೆಯಲ್ಲೂ ಇವೇ ಲಕ್ಷಣಗಳಿರುತ್ತವೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮೂತ್ರ ಮತ್ತು ರಕ್ತ ಪರೀಕ್ಷೆ ಮಾಡಿಸಿ. ಉರಿ, ಜ್ವರ ಇದ್ದರೆ ಅಥವಾ ಮೂತ್ರದಲ್ಲಿ ರಕ್ತ ಕಂಡರೆ ತಡ ಮಾಡಬೇಡಿ. ಕೆಮ್ಮಿದಾಗ, ಹುಲ್ಲಿನ ಹೊರೆ ಎತ್ತಿದಾಗ ಮಾತ್ರ ಸೋರುವುದಾದರೆ ಅದು ಬೇರೆ ತೊಂದರೆ. ಅದಕ್ಕೆ ಈ ಮಾತ್ರೆಗಳು ಕೆಲಸ ಮಾಡುವುದಿಲ್ಲ, ವ್ಯಾಯಾಮ ಬೇಕು.

ಅಭ್ಯಾಸದಿಂದಲೇ ಹಲವರಿಗೆ ಗುಣ ಕಾಣುತ್ತದೆ. ಚಹಾ, ಕಾಫಿ ಕಡಿಮೆ ಮಾಡಿ. ಅವಸರ ಬಂದಾಗ ಓಡದೆ ನಿಂತು, ಮೂತ್ರ ತಡೆಹಿಡಿಯುವ ಸ್ನಾಯುವನ್ನು ನಾಲ್ಕೈದು ಸಲ ಬಿಗಿಹಿಡಿದು ಬಿಡಿ. ಅವಸರ ತಗ್ಗಿದ ಮೇಲೆ ನಡೆಯಿರಿ. ಎರಡು ಸಲದ ನಡುವಿನ ಅಂತರವನ್ನು 15 ನಿಮಿಷದಂತೆ ನಿಧಾನವಾಗಿ ಹೆಚ್ಚಿಸಿ. ನೀರು ಮಾತ್ರ ಬಿಡಬೇಡಿ. ನೀರು ಕಡಿಮೆಯಾದ ಹಸು ಹಾಲು ಇಳಿಸುತ್ತದೆ. ನೀರು ಕಡಿಮೆಯಾದ ನಿಮಗೆ ಗಟ್ಟಿ ಮೂತ್ರ ಮೂತ್ರಕೋಶವನ್ನು ಇನ್ನಷ್ಟು ಕೆರಳಿಸುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ವೈದ್ಯರು ಮಾತ್ರೆ ಬರೆಯುತ್ತಾರೆ. ನಾಲ್ಕು ದಿನಕ್ಕೆ ಫಲ ಸಿಗಲಿಲ್ಲವೆಂದು ಬಿಸಾಡಬೇಡಿ. ಗುಣ ತಿಳಿಯಲು ಕೆಲವು ವಾರ ಬೇಕು. ಬಾಯಿ ಒಣಗುವುದು, ಮಲಬದ್ಧತೆ, ಕಣ್ಣು ಮಂಜಾಗುವುದು ಉಂಟು. ವಯಸ್ಸಾದವರಿಗೆ ಗೊಂದಲ, ಮರೆವು ಆಗಬಹುದು. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇದ್ದರೆ, ಗರ್ಭಿಣಿಯಾಗಿದ್ದರೆ, ಮಗುವಿಗೆ ಹಾಲೂಡಿಸುತ್ತಿದ್ದರೆ, ಬೇರೆ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ. ಮಿರಾಬೆಗ್ರಾನ್ ಎಂಬ ಇನ್ನೊಂದು ಮಾತ್ರೆ ಮೂತ್ರಕೋಶದ ಸ್ನಾಯುವನ್ನು ಸಡಿಲಿಸುತ್ತದೆ. ಬಾಯಿ ಒಣಗುವುದು ಅದರಲ್ಲಿ ಕಡಿಮೆ, ಆದರೆ ಬಿ.ಪಿ. ಏರಬಹುದು, ಆಗಾಗ ನೋಡಿಸಬೇಕು. ಒಂದು ಮಾತ್ರೆ ಹೊಂದದಿದ್ದರೆ ಇನ್ನೊಂದಿದೆ. ಪಕ್ಕದ ಮನೆಯವರ ಮಾತ್ರೆ ಮಾತ್ರ ಬೇಡ.

ಹೇಳಲು ನಾಚಿಕೆಯಾದರೆ ಮೂರು ದಿನ ಎಷ್ಟು ಸಲ ಹೋದಿರಿ, ಎಷ್ಟು ಸಲ ಸೋರಿತು ಎಂದು ಚೀಟಿಯಲ್ಲಿ ಬರೆದು ವೈದ್ಯರ ಕೈಗೆ ಕೊಡಿ. ಅಲ್ಲಿ ಗುಣವಾಗದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಸ್ತ್ರೀರೋಗ ವಿಭಾಗವಿದೆ. ಆಶಾ ಕಾರ್ಯಕರ್ತೆಯ ಬಳಿಯೂ ಹೇಳಬಹುದು. ಹಸುವಿನ ಲೆಕ್ಕ ಇಡುವ ನಿಮಗೆ ಇದು ಕಷ್ಟದ ಕೆಲಸವೇನಲ್ಲ.