ಏಳು ಕ್ವಾಡ್, ಎಂಟನೇ ಸ್ಥಾನ

2026ರ ಫೆಬ್ರುವರಿ 13ರಂದು ಮಿಲಾನ್ ಒಲಿಂಪಿಕ್ಸ್‌ನ ಪುರುಷರ ಫಿಗರ್ ಸ್ಕೇಟಿಂಗ್‌ಗೆಂದು ಇಲಿಯಾ ಮಲಿನಿನ್ ಐಸ್ ರಿಂಕ್‌ಗೆ ಇಳಿದಾಗ ಚಿನ್ನ ಯಾರಿಗೆ ಎಂಬ ಪ್ರಶ್ನೆಯೇ ಇರಲಿಲ್ಲ. ಬೆಳ್ಳಿ, ಕಂಚು ಯಾರಿಗೆ ಎಂಬಷ್ಟಕ್ಕೇ ಚರ್ಚೆ ನಿಂತಿತ್ತು. 21 ವರ್ಷದ ಈ ಅಮೆರಿಕನ್ ಯುವಕ ಎರಡು ವರ್ಷಕ್ಕೂ ಹೆಚ್ಚು ಕಾಲ ಒಂದೇ ಒಂದು ವೈಯಕ್ತಿಕ ಸ್ಪರ್ಧೆಯನ್ನೂ ಸೋತಿರಲಿಲ್ಲ. 2024ರಲ್ಲಿ ಮಾಂಟ್ರಿಯಲ್, 2025ರಲ್ಲಿ ಬಾಸ್ಟನ್, ಎರಡೂ ಕಡೆ ವಿಶ್ವ ಚಾಂಪಿಯನ್. ಒಲಿಂಪಿಕ್ಸ್‌ಗೆ ಎರಡು ತಿಂಗಳ ಮೊದಲು ಜಪಾನಿನ ನಗೋಯಾದಲ್ಲಿ ಒಂದೇ ಪ್ರದರ್ಶನದಲ್ಲಿ ಏಳು ಕ್ವಾಡ್‌ಗಳನ್ನು, ಅಂದರೆ ನಾಲ್ಕು ಅಥವಾ ಅದಕ್ಕೂ ಹೆಚ್ಚು ಸುತ್ತಿನ ಏಳು ಜಿಗಿತಗಳನ್ನು ಮುಗಿಸಿ ಜಗತ್ತನ್ನು ಬೆರಗುಗೊಳಿಸಿದ್ದರು. ಮಿಲಾನ್‌ನಲ್ಲೂ ಮೊದಲ ಸುತ್ತಿನ ಕೊನೆಗೆ ಅವರೇ ಮುಂದಿದ್ದರು.

ಆಮೇಲಿನ ನಾಲ್ಕು ನಿಮಿಷದಲ್ಲಿ ಎಲ್ಲ ಕೈತಪ್ಪಿತು. ನಾಲ್ಕೂವರೆ ಸುತ್ತು ಆಗಬೇಕಿದ್ದ ಜಿಗಿತ ಒಂದೂವರೆ ಸುತ್ತಿಗೆ ಮುಗಿಯಿತು. ಎರಡು ಸಲ ಬಿದ್ದರು. ಎಂಟನೇ ಸ್ಥಾನಕ್ಕೆ ಜಾರಿದರು. ಮೊದಲ ಸುತ್ತಿನಲ್ಲಿ ಐದನೆಯವರಾಗಿದ್ದ ಕಝಾಕಿಸ್ತಾನದ ಮಿಖೈಲ್ ಶೈದೊರೊವ್ ಚಿನ್ನ ಗೆದ್ದರು, ಜಪಾನಿನ ಯುಮಾ ಕಗಿಯಾಮಾ ಮತ್ತು ಶುನ್ ಸಾಟೊ ಬೆಳ್ಳಿ, ಕಂಚು ಹಂಚಿಕೊಂಡರು. ಅದೇ ಮಲಿನಿನ್ ಕೆಲವೇ ದಿನ ಹಿಂದೆ ತಂಡ ಸ್ಪರ್ಧೆಯಲ್ಲಿ ಅಮೆರಿಕಕ್ಕೆ ಚಿನ್ನ ತಂದುಕೊಡುವಲ್ಲಿ ದೊಡ್ಡ ಪಾಲು ಹೊತ್ತಿದ್ದರು.

ನಮ್ಮ ಗೌಡಗೆರೆ ಹೋಬಳಿಯ ಊರುಗಳಲ್ಲಿ ಈ ಆಟವನ್ನು ಕಣ್ಣಾರೆ ಕಂಡವರು ಸಿಗುವುದು ಕಷ್ಟ. ಆದರೆ ಮೊಬೈಲ್ ಇರುವ ಮಕ್ಕಳು ಮಲಿನಿನ್ ಬಿದ್ದ ತುಣುಕನ್ನು ನೋಡಿರುತ್ತಾರೆ. ಅಷ್ಟು ದೊಡ್ಡ ಆಟಗಾರ ಹೀಗೇಕೆ ಬಿದ್ದ, ಮುಂದೇನು ಎಂದು ಅವರು ಕೇಳಿದರೆ ಉತ್ತರ ಹೇಳುವುದು ನಮ್ಮ ಕೆಲಸ. ಅದಕ್ಕೆ ಮೊದಲು ಅಂಕದ ಲೆಕ್ಕ ತಿಳಿದಿರಬೇಕು.

ಪುರುಷರ ಸ್ಪರ್ಧೆ ಎರಡು ಸುತ್ತಿನದು. ಮೊದಲನೆಯದು ಚಿಕ್ಕದು, ಎರಡನೆಯದು ನಾಲ್ಕು ನಿಮಿಷದ ‘ಫ್ರೀ ಸ್ಕೇಟ್’. ಎರಡರ ಅಂಕ ಕೂಡಿಸುತ್ತಾರೆ. ಪ್ರತಿ ಜಿಗಿತಕ್ಕೂ ಒಂದು ಮೂಲ ಬೆಲೆ ಇದೆ. ಅದರ ಮೇಲೆ ಅಚ್ಚುಕಟ್ಟಿಗೆ ತಕ್ಕಂತೆ ತೀರ್ಪುಗಾರರು ಮೈನಸ್ ಐದರಿಂದ ಪ್ಲಸ್ ಐದರವರೆಗೆ ದರ್ಜೆ ಕೊಡುತ್ತಾರೆ. ನಾಲ್ಕೂವರೆ ಸುತ್ತಿನ ‘ಕ್ವಾಡ್ ಆಕ್ಸೆಲ್’ನ ಮೂಲ ಬೆಲೆ 12.50. ಅದು ಒಂದೂವರೆ ಸುತ್ತಿಗೆ ಇಳಿದರೆ ಸಿಗುವುದು 1.10. ಬಿದ್ದರೆ ದರ್ಜೆಯೂ ಹೋಗುತ್ತದೆ, ಜೊತೆಗೆ ಬಿದ್ದದ್ದಕ್ಕೆ ಪ್ರತ್ಯೇಕ ದಂಡ. ಒಂದೇ ತಪ್ಪಿಗೆ ಹನ್ನೊಂದು ಅಂಕ ಕರಗುವ ಆಟ ಇದು. ಉಳಿದ ಜಿಗಿತಗಳಲ್ಲೂ ಕಾಲು ತಡವರಿಸಿದರೆ ಎಂಥ ಮುನ್ನಡೆಯೂ ಉಳಿಯದು.

ಕ್ವಾಡ್ ಜಿಗಿತದಲ್ಲಿ ಆಟಗಾರ ಗಾಳಿಯಲ್ಲಿರುವುದು ಸುಮಾರು ಮುಕ್ಕಾಲು ಸೆಕೆಂಡು. ಅಷ್ಟರೊಳಗೆ ತೋಳುಗಳನ್ನು ಎದೆಗೆ ಒತ್ತಿ, ಕಾಲುಗಳನ್ನು ಹೆಣೆದು, ಮೈಯನ್ನು ಕಂಬಳಿ ನೂಲಿನ ಕದಿರಿನಂತೆ ಸಪೂರ ಮಾಡಿಕೊಂಡು ತಿರುಗಬೇಕು. ಆಮೇಲೆ ಒಂದೇ ಕಾಲಿನ ಮೇಲೆ, ಹಿಮ್ಮುಖವಾಗಿ, ಕೆಲವೇ ಮಿಲಿಮೀಟರ್ ದಪ್ಪದ ಉಕ್ಕಿನ ಅಲಗಿನ ಮೇಲೆ ಇಳಿಯಬೇಕು. ಬೇರೆ ಎಲ್ಲ ಜಿಗಿತಗಳಲ್ಲೂ ಹಿಮ್ಮುಖವಾಗಿ ಹೊರಟು ಹಿಮ್ಮುಖವಾಗಿ ಇಳಿಯುತ್ತಾರೆ. ಆಕ್ಸೆಲ್‌ನಲ್ಲಿ ಮಾತ್ರ ಮುಂದಕ್ಕೆ ಮುಖಮಾಡಿ ಹಾರುವುದರಿಂದ ಅರ್ಧ ಸುತ್ತು ಹೆಚ್ಚು. ಅದನ್ನು ನಾಲ್ಕೂವರೆ ಸುತ್ತು ಮಾಡುವುದು ಮನುಷ್ಯನಿಂದಾಗದು ಎಂದು ಬಹಳ ಜನ ನಂಬಿದ್ದರು. ಎರಡು ಸಲ ಒಲಿಂಪಿಕ್ ಚಿನ್ನ ಗೆದ್ದ ಜಪಾನಿನ ಯುಜುರು ಹನ್ಯು 2022ರಲ್ಲಿ ಬೀಜಿಂಗ್‌ನಲ್ಲಿ ಅದಕ್ಕೆ ಕೈಹಾಕಿ ಬಿದ್ದರು. ಅದೇ ವರ್ಷ ಸೆಪ್ಟೆಂಬರ್ 14ರಂದು ಅಮೆರಿಕದ ಲೇಕ್ ಪ್ಲಾಸಿಡ್‌ನಲ್ಲಿ 17ರ ಮಲಿನಿನ್ ಅದನ್ನು ಮಾಡಿ ನಿಂತರು.

ಮಿಲಾನ್‌ನ ಸೋಲಿನಿಂದ ಮಲಿನಿನ್ ಕಥೆ ಮುಗಿಯಿತು ಎನ್ನುವವರಿಗೆ ಅಮೆರಿಕದ ಹಳೆಯ ಚಾಂಪಿಯನ್ನರ ದಾಖಲೆ ತೋರಿಸಬೇಕು. 1984ರಲ್ಲಿ ಸರಯೇವೊದಲ್ಲಿ ಚಿನ್ನ ಗೆದ್ದ ಸ್ಕಾಟ್ ಹ್ಯಾಮಿಲ್ಟನ್, 1980ರಲ್ಲಿ ಐದನೆಯವರು. 1988ರಲ್ಲಿ ಕ್ಯಾಲ್ಗರಿಯಲ್ಲಿ ಗೆದ್ದ ಬ್ರಯಾನ್ ಬೋಯ್ಟಾನೊ, 1984ರಲ್ಲಿ ಐದನೆಯವರು. 2010ರ ಚಾಂಪಿಯನ್ ಇವಾನ್ ಲೈಸಾಚೆಕ್ 2006ರಲ್ಲಿ ನಾಲ್ಕನೆಯವರು. ನೇಥನ್ ಚೆನ್ ಕಥೆಯಂತೂ ಮಲಿನಿನ್ ಕಥೆಗೆ ಬಹಳ ಹತ್ತಿರ. 2018ರಲ್ಲಿ ಚಿನ್ನದ ನಿರೀಕ್ಷೆ ಹೊತ್ತು ಹೋದ ಚೆನ್ ಮೊದಲ ಸುತ್ತಿನಲ್ಲಿ 17ನೇ ಸ್ಥಾನಕ್ಕೆ ಕುಸಿದರು. ಎರಡನೇ ಸುತ್ತಿನಲ್ಲಿ ಆರು ಕ್ವಾಡ್ ಹಾರಿ ಐದನೇ ಸ್ಥಾನಕ್ಕೆ ಏರಿದರು. ಆಮೇಲೆ ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಲೇ ಅಭ್ಯಾಸ ಮಾಡಿ, 2022ರಲ್ಲಿ ಮೊದಲ ಸುತ್ತಿನ ವಿಶ್ವದಾಖಲೆಯೊಂದಿಗೆ ಚಿನ್ನ ತೆಗೆದುಕೊಂಡರು. ಕಳೆದ ಅರ್ಧ ಶತಮಾನದಲ್ಲಿ ಈ ವಿಭಾಗದಲ್ಲಿ ಅಮೆರಿಕಕ್ಕೆ ಚಿನ್ನ ತಂದ ನಾಲ್ವರೂ ಮೊದಲ ಒಲಿಂಪಿಕ್ಸ್‌ನಲ್ಲಿ ವೈಯಕ್ತಿಕ ಪದಕವಿಲ್ಲದೆ ಮನೆಗೆ ಬಂದವರೇ.

ಹಾಗೆಂದು ಇದು ವಿಧಿನಿಯಮವೇನೂ ಆಗುವುದಿಲ್ಲ. ಟಾಡ್ ಎಲ್ಡ್ರೆಜ್ 1996ರ ವಿಶ್ವ ಚಾಂಪಿಯನ್, ಆರು ಸಲ ಅಮೆರಿಕದ ರಾಷ್ಟ್ರೀಯ ಚಾಂಪಿಯನ್. ಒಲಿಂಪಿಕ್ ಪದಕ ಮಾತ್ರ ಅವರ ಕೈಗೆ ಸಿಗಲೇ ಇಲ್ಲ.

2030ರ ಚಳಿಗಾಲದ ಒಲಿಂಪಿಕ್ಸ್ ಫ್ರಾನ್ಸ್‌ನ ಆಲ್ಪ್ಸ್‌ನಲ್ಲಿ. ಆಗ ಮಲಿನಿನ್‌ಗೆ 25 ವರ್ಷ. ಈ ಆಟದಲ್ಲಿ ಅದು ಮುದಿತನವಲ್ಲ, ಆದರೆ ಸೊಂಟ, ಹಿಮ್ಮಡಿ, ಮಂಡಿ ಆಗಲೇ ಲೆಕ್ಕ ಕೇಳಲು ಶುರುಮಾಡುವ ವಯಸ್ಸು. ಶೈದೊರೊವ್ ಕೂಡ ಅದೇ ಓರಗೆಯವರು. ನನ್ನ ಎಣಿಕೆಯಲ್ಲಿ ಮಲಿನಿನ್ ಇನ್ನೂ ಮೊದಲ ಆಯ್ಕೆಯೇ. ನಿರಾಳವಾಗಿ ಆಡಿದ ದಿನ ಅವರನ್ನು ಮುಟ್ಟುವ ಮತ್ತೊಬ್ಬರು ಇಲ್ಲ. ನಗೋಯಾದಲ್ಲಿ ಅವರು ಫ್ರೀ ಸ್ಕೇಟ್ ಒಂದರಲ್ಲೇ ಗಳಿಸಿದ 238.24 ಅಂಕದ ಹತ್ತಿರಕ್ಕೂ ಬೇರೆಯವರು ಬಂದಿಲ್ಲ.

ನನ್ನ ಚಿಂತೆ ಇರುವುದು ಮಲಿನಿನ್ ಹಿಂದೆ ನಿಂತಿರುವ ಸಾಲಿನ ಬಗ್ಗೆ. ಮಿಲಾನ್‌ಗೆ ಹೋದ ಇನ್ನಿಬ್ಬರು ಅಮೆರಿಕನ್ನರಾದ ಆಂಡ್ರ್ಯೂ ಟೊರ್ಗಶೆವ್ ಮತ್ತು ಮ್ಯಾಕ್ಸಿಮ್ ನೌಮೊವ್ ಮೊದಲ ಹತ್ತರೊಳಗೆ ಬರಲಿಲ್ಲ. ಒಲಿಂಪಿಕ್ಸ್‌ಗೆ ಮೂವರನ್ನು ಕಳಿಸುವ ಅವಕಾಶ ಒಂದು ದೇಶಕ್ಕೆ ಸಿಗಬೇಕಾದರೆ ಹಿಂದಿನ ವರ್ಷದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅದರ ಇಬ್ಬರು ಉತ್ತಮ ಆಟಗಾರರ ಸ್ಥಾನಗಳ ಮೊತ್ತ ಹದಿಮೂರು ದಾಟಬಾರದು. 2025ರಲ್ಲಿ ಬಾಸ್ಟನ್‌ನಲ್ಲಿ ಮಲಿನಿನ್ ಮೊದಲು, ಜೇಸನ್ ಬ್ರೌನ್ ಎಂಟನೆಯವರು, ಮೊತ್ತ ಒಂಬತ್ತು, ಆದ್ದರಿಂದ ಮೂರು ಸ್ಥಾನ ಖಾತ್ರಿಯಾಯಿತು. ಮಲಿನಿನ್ ಮೊದಲಿಗರಾಗುವವರೆಗೆ ಇನ್ನೊಬ್ಬರು ಹನ್ನೆರಡರೊಳಗೆ ಬಂದರೂ ಸಾಕು. ಅವರು ಗಾಯಗೊಂಡ ವರ್ಷ ಈ ಲೆಕ್ಕ ಒಡೆಯುತ್ತದೆ. ಜಪಾನಿಗೆ ಆ ಭಯವಿಲ್ಲ. ಕಗಿಯಾಮಾ, ಸಾಟೊ, ಅವರ ಹಿಂದೆ 2025ರ ಕಿರಿಯರ ವಿಶ್ವ ಚಾಂಪಿಯನ್ ರಿಯೊ ನಕಾಟಾ, ಹೀಗೆ ಸಾಲು ಉದ್ದವಿದೆ. ಅಮೆರಿಕದ ಕಿರಿಯರಲ್ಲಿ ಭರವಸೆ ಹುಟ್ಟಿಸುವವರು ಜೇಕಬ್ ಸ್ಯಾಂಚೆಜ್, 2024ರ ಜೂನಿಯರ್ ಗ್ರ್ಯಾನ್ ಪ್ರೀ ಫೈನಲ್ ಗೆದ್ದವರು. ಆದರೆ ಕಿರಿಯರ ಚಾಂಪಿಯನ್ ಹಿರಿಯರ ನಡುವೆ ನೆಲೆಯೂರಲು ವರ್ಷಗಳು ಹಿಡಿಯುತ್ತವೆ.

ಅಷ್ಟು ಹಣ, ಅಷ್ಟು ರಿಂಕ್‌ಗಳಿರುವ ದೇಶದಲ್ಲಿ ಸಾಲು ಯಾಕೆ ಗಿಡ್ಡವಾಯಿತು? ನನಗೆ ಕಾಣುವ ಕಾರಣ ತರಬೇತುದಾರರ ಕೊರತೆ, ಅದರ ಬೇರು ಹಳೆಯದು. 1948 ಮತ್ತು 1952ರಲ್ಲಿ ಡಿಕ್ ಬಟನ್, 1956ರಲ್ಲಿ ಹೇಯ್ಸ್ ಜೆಂಕಿನ್ಸ್, 1960ರಲ್ಲಿ ಅವರ ತಮ್ಮ ಡೇವಿಡ್ ಜೆಂಕಿನ್ಸ್, ಹೀಗೆ ಸತತ ನಾಲ್ಕು ಚಿನ್ನ ಅಮೆರಿಕದ್ದು. 1956ರಲ್ಲಿ ಇದೇ ಇಟಲಿಯ ಕೊರ್ಟಿನಾದಲ್ಲಿ ಮೂರೂ ಪದಕ ಅಮೆರಿಕನ್ನರದೇ. 1961ರ ಫೆಬ್ರುವರಿ 15ರಂದು ವಿಶ್ವ ಚಾಂಪಿಯನ್‌ಶಿಪ್‌ಗೆ ಹೊರಟಿದ್ದ ಅಮೆರಿಕ ತಂಡದ ವಿಮಾನ ಬ್ರಸೆಲ್ಸ್ ಬಳಿ ಬಿತ್ತು. 18 ಸ್ಕೇಟರ್‌ಗಳು, ಅವರೊಂದಿಗೆ ತರಬೇತುದಾರರು, ಮನೆಯವರು, ಒಬ್ಬರೂ ಉಳಿಯಲಿಲ್ಲ. ಆ ವರ್ಷದ ವಿಶ್ವ ಚಾಂಪಿಯನ್‌ಶಿಪ್ಪೇ ರದ್ದಾಯಿತು. ಪುರುಷರ ವಿಭಾಗದಲ್ಲಿ ಅಮೆರಿಕ ಮತ್ತೆ ಒಲಿಂಪಿಕ್ ಚಿನ್ನ ಕಂಡದ್ದು 1984ರಲ್ಲಿ. ಆಟಗಾರರ ಜಾಗ ತುಂಬಲು ಹೊಸ ಮಕ್ಕಳು ಬಂದರು, ಕಲಿಸುವವರ ಜಾಗ ತುಂಬಲು ಯುರೋಪಿನಿಂದ ಜನ ಬರಬೇಕಾಯಿತು. ಇಟಲಿಯ ಕಾರ್ಲೊ ಫಾಸಿ ಹಾಗೆ ಬಂದು ನೆಲೆಸಿದವರು.

ಇಂದಿಗೂ ಅದೇ ಸ್ಥಿತಿ. ಮಲಿನಿನ್ ತಂದೆ ರೋಮನ್ ಸ್ಕೋರ್ನ್ಯಾಕೊವ್, ತಾಯಿ ತತಿಯಾನಾ ಮಲಿನಿನಾ ಇಬ್ಬರೂ ಉಜ್ಬೇಕಿಸ್ತಾನದ ಪರ ಒಲಿಂಪಿಕ್ಸ್ ಆಡಿದವರು. ವರ್ಜೀನಿಯಾಕ್ಕೆ ವಲಸೆ ಬಂದು ರಿಂಕ್‌ನಲ್ಲಿ ಕಲಿಸಿ ಬದುಕು ಕಟ್ಟಿಕೊಂಡರು, ಮಗನಿಗೂ ಅವರೇ ಗುರುಗಳು. ಚೆನ್ ಚೀನಾದಿಂದ ಬಂದ ದಂಪತಿಯ ಮಗ, ಅವರಿಗೆ ಕಲಿಸಿದ ರಫಾಯೆಲ್ ಅರುತ್ಯುನ್ಯಾನ್ ಹುಟ್ಟಿದ್ದು ಜಾರ್ಜಿಯಾದ ಟಿಬಿಲಿಸಿಯಲ್ಲಿ. ನೌಮೊವ್ ತಂದೆ ವಾದಿಮ್, ತಾಯಿ ಯೆವ್ಗೆನಿಯಾ ಶಿಶ್ಕೋವಾ 1994ರಲ್ಲಿ ರಷ್ಯಾ ಪರ ಜೋಡಿ ವಿಭಾಗದ ವಿಶ್ವ ಚಾಂಪಿಯನ್ನರು, ಆಮೇಲೆ ಬಾಸ್ಟನ್‌ನಲ್ಲಿ ತರಬೇತುದಾರರು. 2025ರ ಜನವರಿ 29ರಂದು ವಾಷಿಂಗ್ಟನ್ ಬಳಿ ಪ್ರಯಾಣಿಕರ ವಿಮಾನಕ್ಕೆ ಸೇನಾ ಹೆಲಿಕಾಪ್ಟರ್ ಡಿಕ್ಕಿಯಾಗಿ ಸತ್ತ 67 ಜನರಲ್ಲಿ ಅವರಿಬ್ಬರೂ ಇದ್ದರು. ಸತ್ತವರಲ್ಲಿ 28 ಮಂದಿ ಸ್ಕೇಟಿಂಗ್ ಬಳಗದವರು, ಅವರಲ್ಲಿ ಬೆಳೆಯುತ್ತಿದ್ದ ಮಕ್ಕಳೂ ಇದ್ದರು. ಅಪ್ಪ ಅಮ್ಮನನ್ನು, ಗುರುಗಳನ್ನು ಒಂದೇ ರಾತ್ರಿ ಕಳೆದುಕೊಂಡ ಮ್ಯಾಕ್ಸಿಮ್ ಒಂದು ವರ್ಷದ ನಂತರ ಒಲಿಂಪಿಕ್ಸ್‌ಗೆ ಆಯ್ಕೆಯಾದರು. ಮಿಲಾನ್‌ನಲ್ಲಿ ಅವರು ಪಡೆದ ಸ್ಥಾನ ಎಷ್ಟೇ ಇರಲಿ, ನನ್ನ ಮಟ್ಟಿಗೆ ಆ ಸ್ಪರ್ಧೆಯ ದೊಡ್ಡ ಸಾಧನೆ ಅವರದೇ.

1961ರ ನಷ್ಟವನ್ನು ತುಂಬಲು ಎರಡು ದಶಕ ಬೇಕಾಯಿತು. 2025ರ ನಷ್ಟದ ಪರಿಣಾಮ ಪೂರ್ತಿ ಕಾಣುವುದು 2034ರ ಹೊತ್ತಿಗೆ. ಆ ವರ್ಷದ ಒಲಿಂಪಿಕ್ಸ್ ನಡೆಯುವುದು ಅಮೆರಿಕದಲ್ಲೇ, ಚೆನ್ ಹುಟ್ಟೂರು ಸಾಲ್ಟ್ ಲೇಕ್ ಸಿಟಿಯಲ್ಲಿ.

ಇದರಲ್ಲಿ ನಮ್ಮ ಸೀಮೆಗೆ ಸಂಬಂಧಿಸಿದ್ದು ಏನಿದೆ? ಚಳಿಯಿಲ್ಲದ ನಾಡಿನಲ್ಲಿ ಈ ಆಟ ಆಗದು ಎಂಬುದು ತಪ್ಪು ತಿಳಿವಳಿಕೆ. ಚೆನ್ ಅಭ್ಯಾಸ ಮಾಡಿದ್ದು ಬಿಸಿಲಿನ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ರಿಂಕ್‌ನ ಮಂಜುಗಡ್ಡೆಯನ್ನು ನುಣುಪು ಮಾಡುವ ಯಂತ್ರ ಇಂದು ಜಗತ್ತಿನಾದ್ಯಂತ ಝಾಂಬೋನಿ ಎಂದೇ ಹೆಸರಾಗಿದೆ. ಅದನ್ನು 1949ರಲ್ಲಿ ಫ್ರಾಂಕ್ ಝಾಂಬೋನಿ ರೂಪಿಸಿದ್ದೂ ಅದೇ ಸೀಮೆಯ ಪ್ಯಾರಮೌಂಟ್ ಊರಿನಲ್ಲಿ. ಅದಕ್ಕೂ ಮೊದಲು ಅವರು ಮಂಜುಗಡ್ಡೆ ತಯಾರಿಸಿ ಮಾರುತ್ತಿದ್ದರು. ರಿಂಕ್‌ಗೆ ಬೇಕಾದ್ದು ವಿದ್ಯುತ್ತು, ನೀರು, ಅದನ್ನು ನಡೆಸುವ ಹಣ. ಪಾವಗಡದ ತಿರುಮಣಿ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರವಿದ್ಯುತ್ತು ತಯಾರಾಗುತ್ತದೆ. ವಿದ್ಯುತ್ತಿದೆ ಎಂದ ಮಾತ್ರಕ್ಕೆ ಬರದ ತಾಲ್ಲೂಕಿನಲ್ಲಿ ಐಸ್ ರಿಂಕ್ ಕಟ್ಟಿ ಎಂದು ಕೇಳುವುದು ಸರಿಯಲ್ಲ. ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು 2011ರ ಹೊತ್ತಿಗೆ ಡೆಹ್ರಾಡೂನ್‌ನಲ್ಲಿ ಕಟ್ಟಿದ ದೊಡ್ಡ ರಿಂಕ್ ನಡೆಸುವ ಖರ್ಚು ತಾಳದೆ ವರ್ಷಗಟ್ಟಲೆ ಮುಚ್ಚಿತ್ತು. ಮತ್ತೆ ತೆರೆದದ್ದು 2025ರಲ್ಲಿ. ಭಾರತದ ಒಬ್ಬ ಫಿಗರ್ ಸ್ಕೇಟರ್ ಕೂಡ ಈವರೆಗೆ ಒಲಿಂಪಿಕ್ಸ್ ಮುಟ್ಟಿಲ್ಲ.

ದಾರಿ ಇನ್ನೊಂದಿದೆ, ಅದು ಚಕ್ರದ ಮೇಲಿನದು. ರೋಲರ್ ಸ್ಕೇಟಿಂಗ್‌ನ ಆರ್ಟಿಸ್ಟಿಕ್ ವಿಭಾಗದಲ್ಲೂ ಇದೇ ಆಕ್ಸೆಲ್, ಲುಟ್ಸ್ ಜಿಗಿತಗಳು, ಇದೇ ಸ್ಪಿನ್. 1998ರಲ್ಲಿ 15ನೇ ವಯಸ್ಸಿಗೆ ಒಲಿಂಪಿಕ್ ಚಿನ್ನ ಗೆದ್ದ ಅಮೆರಿಕದ ಟಾರಾ ಲಿಪಿನ್‌ಸ್ಕಿ ಶುರುಮಾಡಿದ್ದು ಚಕ್ರದ ಬೂಟಿನಲ್ಲಿ. ಹೈದರಾಬಾದಿನ ಅನೂಪ್ ಕುಮಾರ್ ಯಾಮ 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಈ ವಿಭಾಗದಲ್ಲಿ ಕಂಚು ಗೆದ್ದು ಆಮೇಲೆ ಅರ್ಜುನ ಪ್ರಶಸ್ತಿ ಪಡೆದರು. ನಮ್ಮಲ್ಲಿ ಬೆಂಗಳೂರು, ಮೈಸೂರು, ಬೆಳಗಾವಿಯ ಮಕ್ಕಳು ಚಕ್ರದ ಮೇಲೆ ಓಡುತ್ತಾರೆ. ಆರ್ಟಿಸ್ಟಿಕ್ ಕಲಿಸುವವರು ಮಾತ್ರ ಬೆರಳೆಣಿಕೆಯಷ್ಟು. ಹಿಮ ಬೀಳದ ಕೊಡಗಿನಲ್ಲಿ ಹುಟ್ಟಿದ ತೆಕ್ಕಡ ಭವಾನಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ದೇಶದ ಮುಂಚೂಣಿಯ ಆಟಗಾರ್ತಿಯಾದರು. ಹುಟ್ಟಿದೂರಿನ ಹವೆ ಅವರಿಗೆ ಅಡ್ಡಿಯಾಗಲಿಲ್ಲ.

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕು ಕ್ರೀಡಾಂಗಣಗಳ ಮುಂದಿನ ಯೋಜನೆ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟು: ನಾಲ್ಕರಲ್ಲಿ ಒಂದು ಕಡೆಯಾದರೂ ನಲವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ನುಣುಪಾದ ನೆಲವನ್ನು ನೆರಳಿನಡಿ ಹಾಕಿಸಿ. ಅದಕ್ಕೂ ಮೊದಲು, ನಮ್ಮ ದೈಹಿಕ ಶಿಕ್ಷಣ ಶಿಕ್ಷಕರಲ್ಲಿ ಆಸಕ್ತಿ ಇರುವ ಇಬ್ಬರನ್ನು ಹೈದರಾಬಾದಿಗೋ ಬೆಂಗಳೂರಿಗೋ ಕಳಿಸಿ ಈ ಆಟವನ್ನು ಕಲಿಸುವುದು ಹೇಗೆಂದು ಕಲಿಸಿ.