ಪೆಟ್ರೋಲು ಕುಡಿಯುವ ಪಿಕಪ್ಪಿಗೆ ನಾಡಿಪರೀಕ್ಷೆ

ಕೋಲಾರದ ಕಡೆ ಬೇಸಾಯ ಮಾಡಿಕೊಂಡಿರುವ ನನ್ನ ಸೋದರಮಾವನವರಲ್ಲಿ ಒಂದು ಸಣ್ಣ ಪೆಟ್ರೋಲ್ ಪಿಕಪ್ ಇದೆ. ತಮ್ಮ ತೋಟದ ಟೊಮೇಟೊವನ್ನೂ ನೆರೆಹೊರೆಯವರದನ್ನೂ ಅದರಲ್ಲಿ ಹೇರಿಕೊಂಡು ಬೆಳಕು ಹರಿಯುವ ಮುನ್ನ ಮಾರುಕಟ್ಟೆ ಮುಟ್ಟುವುದು ಅವರ ಕಾಯಕ. ಕಳೆದ ವರ್ಷ ಆ ಬಂಡಿಗೆ ಒಂದು ವಿಚಿತ್ರ ಕಾಯಿಲೆ ಅಂಟಿಕೊಂಡಿತು. ಲೀಟರಿಗೆ 16 ಕಿಲೋಮೀಟರ್ ಓಡುತ್ತಿದ್ದುದು ಹತ್ತಕ್ಕೆ ಇಳಿಯಿತು. ಸೈಲೆನ್ಸರಿನ ಬಾಯಿ ಹಳೆಯ ಅಡುಗೆಮನೆಯ ಹೊಗೆಗೂಡಿನಂತೆ ಕಪ್ಪಾಯಿತು. ಬಂಡಿಯ ಹಿಂದೆ ನಿಂತವರ ಮೂಗಿಗೆ ಪೆಟ್ರೋಲಿನ ವಾಸನೆ ರಾಚುತ್ತಿತ್ತು. ಬಾಡಿಗೆಯಿಂದ ಬಂದ ಹಣವೆಲ್ಲ ಬಂಕಿನಲ್ಲಿಯೇ ಕರಗತೊಡಗಿತು.

ಪಟ್ಟಣದ ಒಂದು ವರ್ಕ್‌ಷಾಪಿನಲ್ಲಿ ಸ್ಕ್ಯಾನರ್ ಜೋಡಿಸಿ ನೋಡಿದರು. ಆಕ್ಸಿಜನ್ ಸೆನ್ಸರಿನ ಮೇಲೆ ದೂರು ಬಂದಿತ್ತು. ಅದನ್ನು ಕಿತ್ತು ಹೊಸದನ್ನು ಹಾಕಿದರು. ಎರಡು ದಿನ ಕಳೆದರೂ ಹೊಗೆ ನಿಲ್ಲಲಿಲ್ಲ. ಪ್ಲಗ್ಗುಗಳನ್ನು ಬದಲಾಯಿಸಿದರು; ಇಂಜೆಕ್ಟರುಗಳನ್ನು ತೊಳೆದರು. ಹನ್ನೊಂದು ಸಾವಿರ ರೂಪಾಯಿ ಕೈಬಿಟ್ಟು ಹೋಯಿತು. ಕಾಯಿಲೆ ಮಾತ್ರ ಇದ್ದಲ್ಲಿಯೇ ಇತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಕಂಡಿಲ್ಲ. ಇಲ್ಲಿ ಜ್ವರವೆಂಬ ಮಾತು ಎಷ್ಟು ಅಕ್ಷರಶಃ ನಿಜವೆಂಬುದು ವಾಚಕರಿಗೆ ಮುಂದೆ ತಿಳಿಯುತ್ತದೆ.

ಗಾಳಿಗೂ ಲೆಕ್ಕವುಂಟು

ಅಡುಗೆಮನೆಯ ಗ್ಯಾಸ್ ಒಲೆ ಎಂದಿನಂತೆ ನೀಲಿಯಾಗಿ ಉರಿಯದೆ ಹಳದಿಯಾಗಿ ಉರಿಯತೊಡಗಿದರೆ ಪಾತ್ರೆಯ ತಳಕ್ಕೆ ಮಸಿ ಹಿಡಿಯುವುದನ್ನು ಗೃಹಿಣಿಯರೆಲ್ಲ ಬಲ್ಲರು. ಅನಿಲಕ್ಕೆ ತಕ್ಕಷ್ಟು ಗಾಳಿ ಬೆರೆಯುತ್ತಿಲ್ಲವೆಂಬುದೇ ಅದರ ಅರ್ಥ. ಎಂಜಿನ್ನಿನೊಳಗೂ ಇದೇ ನ್ಯಾಯ. ಒಂದು ಕಿಲೋ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಅಂದರೆ ಒಂದೇ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ! ಈ ಪ್ರಮಾಣವನ್ನು ಮೀರಿ ಪೆಟ್ರೋಲು ಬಿದ್ದರೆ ಎಂಜಿನ್ನು 'ರಿಚ್' ಆಗಿದೆ ಎನ್ನುತ್ತಾರೆ. ಹೆಸರಿಗೆ ಸಿರಿವಂತಿಕೆ, ಯಜಮಾನನ ಪಾಲಿಗೆ ದಾರಿದ್ರ್ಯ.

ಹಿಂದೆ ಈ ಮಿಶ್ರಣದ ಹೊಣೆ ಕಾರ್ಬ್ಯುರೇಟರಿನದಾಗಿತ್ತು. ಚಳಿಯ ಬೆಳಗಿನಲ್ಲಿ ಪೆಟ್ರೋಲು ಸುಲಭವಾಗಿ ಆವಿಯಾಗದಾದ್ದರಿಂದ ಚಾಲಕನು ಚೋಕ್ ಎಳೆದು ಗಾಳಿಯನ್ನು ತಗ್ಗಿಸಿ, ಎಂಜಿನ್ನು ಬಿಸಿಯಾದ ಮೇಲೆ ಮತ್ತೆ ಒಳಕ್ಕೆ ತಳ್ಳುತ್ತಿದ್ದನು. ಇಂದು ಆ ಕೆಲಸವನ್ನೆಲ್ಲ ಒಂದು ಪುಟ್ಟ ಕಂಪ್ಯೂಟರು ಮಾಡುತ್ತದೆ. ಆದರೆ ಆ ಕಂಪ್ಯೂಟರು ಹುಟ್ಟು ಕುರುಡ. ಒಳಗೆ ಬರುವ ಗಾಳಿಯೆಷ್ಟು, ನೀರು ಎಷ್ಟು ಬಿಸಿಯಾಗಿದೆ, ಹೊರಹೋಗುವ ಹೊಗೆಯಲ್ಲಿ ಆಮ್ಲಜನಕ ಉಳಿದಿದೆಯೇ ಎಂಬುದನ್ನೆಲ್ಲ ಸೆನ್ಸರುಗಳೆಂಬ ದೂತರು ಬಂದು ಹೇಳಬೇಕು. ಅವರು ಹೇಳಿದುದನ್ನು ನಂಬಿ ಅದು ಪೆಟ್ರೋಲನ್ನು ಅಳೆದು ಕೊಡುತ್ತದೆ.

ಇವರಲ್ಲಿ ಆಕ್ಸಿಜನ್ ಸೆನ್ಸರ್ ಪ್ರಸಿದ್ಧ ದೂತ. ಬಾಷ್ ಕಂಪನಿಯು ತಯಾರಿಸಿದ ಈ ಸಾಧನ 1976ರಲ್ಲಿ ಮೊದಲಬಾರಿಗೆ ವೋಲ್ವೋ ಕಾರುಗಳಲ್ಲಿ ಬಂದಿತು. ಹೊಗೆಯಲ್ಲಿ ಆಮ್ಲಜನಕ ಉಳಿದಿದ್ದರೆ ಅದು ಸುಮಾರು 0.1 ವೋಲ್ಟ್ ತೋರಿಸುತ್ತದೆ. ಪೆಟ್ರೋಲು ಹೆಚ್ಚಾಗಿ ಆಮ್ಲಜನಕವೆಲ್ಲ ತೀರಿದ್ದರೆ ಸುಮಾರು 0.9 ವೋಲ್ಟ್. ಪಾಪ, 'ಪೆಟ್ರೋಲು ಹೆಚ್ಚಾಗಿದೆ' ಎಂದು ನಿಜ ನುಡಿದುದೇ ಅನೇಕ ವೇಳೆ ಅದರ ಅಪರಾಧವಾಗಿ, ಅದನ್ನೇ ಕಿತ್ತೆಸೆಯುವುದುಂಟು.

ಮುದುಕರ ಪರೀಕ್ಷೆ

ಮಾವನವರು ಕಡೆಗೆ ಮೊರೆಹೊಕ್ಕುದು ಹೆದ್ದಾರಿಯ ಬದಿಯಲ್ಲಿ ತಗಡಿನ ಚಪ್ಪರದಡಿ ಗ್ಯಾರೇಜು ನಡೆಸುವ ಒಬ್ಬ ಹಿರಿಯ ಮೆಕ್ಯಾನಿಕ್ಕನ್ನು. ರಜೆಯಲ್ಲಿ ಊರಿಗೆ ಹೋಗಿದ್ದ ನಾನೂ ಜೊತೆಗಿದ್ದೆ. ಆತ ಸ್ಪ್ಯಾನರ್ ಹಿಡಿಯುವ ಬದಲು ಮಾತಿಗೆ ಕುಳಿತರು.

"ಗೌಡ್ರೇ, ಹೊಗೆ ಬೆಳಗ್ಗೆ ಮಾತ್ರವೋ, ದಿನವೆಲ್ಲವೋ?"

"ದಿನವೆಲ್ಲ, ಭಾಯಿ. ಮಟಮಟ ಮಧ್ಯಾಹ್ನವೂ ಇದೇ ಗೋಳು."

ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಇಟ್ಟರು. ನಾಲ್ಕೂ ಒಣ ಮಸಿಯಿಂದ ಕಪ್ಪಾಗಿದ್ದವು. "ಒಂದೇ ಕಪ್ಪಾಗಿದ್ದಿದ್ದರೆ ಆ ಸಿಲಿಂಡರಿನ ಇಂಜೆಕ್ಟರ್ ಸೋರುತ್ತಿದೆ ಎನ್ನಬಹುದಿತ್ತು. ನಾಲ್ಕೂ ಕಪ್ಪೆಂದರೆ ತಪ್ಪು ನಾಲ್ಕಕ್ಕೂ ಸೇರಿದ ಕಡೆ ಇದೆ" ಎಂದರು. ಎಂಜಿನ್ ಆಯಿಲಿನ ಅಳತೆಕಡ್ಡಿಯನ್ನು ಎಳೆದು ಮೂಸಿದರು. ಅದರಲ್ಲಿಯೂ ಪೆಟ್ರೋಲಿನ ವಾಸನೆ. ಉರಿಯದೆ ಉಳಿದ ಪೆಟ್ರೋಲು ಸಿಲಿಂಡರಿನ ಗೋಡೆಯಿಂದ ಇಳಿದು ಆಯಿಲನ್ನು ತೆಳ್ಳಗೆ ಮಾಡುತ್ತಿತ್ತು.

ಈಗಿನ ಪೆಟ್ರೋಲಿನಲ್ಲಿ ಬೆರೆಸಿರುವ ಎಥನಾಲೇ ಇದಕ್ಕೆ ಕಾರಣವಿರಬಹುದೇ ಎಂದು ಮಾವನವರು ಕೇಳಿದರು. ಆತ ತಲೆಯಾಡಿಸಿದರು. ಎಥನಾಲಿಗೆ ಉರಿಯಲು ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು. ಆದ್ದರಿಂದ ಅದು ಮಿಶ್ರಣವನ್ನು ಬಡವಾಗಿಸೀತೇ ಹೊರತು ಸಿರಿವಂತವಾಗಿಸದು.

ಬಳಿಕ ಸ್ಕ್ಯಾನರನ್ನು ಜೋಡಿಸಿದರು. ದೋಷದ ಸಂಖ್ಯೆಗಳನ್ನು ಅವರು ಆಗಲೇ ಓದಲಿಲ್ಲ. ದೂತರು ಈ ಕ್ಷಣದಲ್ಲಿ ಏನೇನು ಹೇಳುತ್ತಿದ್ದಾರೆಂಬುದನ್ನು ಒಂದೊಂದಾಗಿ ನೋಡುತ್ತ ಬಂದರು. ಎಂಜಿನ್ನು ನಿಂತಿರುವಾಗ ಗಾಳಿಯ ಒತ್ತಡದ ಸೆನ್ಸರು ಹೊರಗಿನ ವಾತಾವರಣದ ಒತ್ತಡವನ್ನೇ ತೋರಿಸಬೇಕು. ಸಮುದ್ರತೀರದಲ್ಲಿ ಅದು ಸುಮಾರು 101 ಕಿಲೋಪಾಸ್ಕಲ್. 900 ಮೀಟರ್ ಎತ್ತರದ ನಮ್ಮ ಪ್ರಸ್ಥಭೂಮಿಯಲ್ಲಿ ಸುಮಾರು 91. ಆ ಸೆನ್ಸರು ಸತ್ಯವಂತನೆಂದು ತಿಳಿಯಿತು. ಪೆಟ್ರೋಲಿನ ಒತ್ತಡವೂ ಸರಿಯಾಗಿತ್ತು. ಪೆಟ್ರೋಲ್ ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಬಿಡುವ ಕವಾಟವೂ ಬಿಗಿಯಾಗಿ ಮುಚ್ಚಿತ್ತು.

ಅನಂತರ ಎಂಜಿನ್ನನ್ನು ಅರ್ಧ ಗಂಟೆ ಓಡಿಸಿಕೊಂಡು ಬಂದರು. ಹೊಗೆಯನ್ನು ನೋಡಿ ಕಂಪ್ಯೂಟರು ಪೆಟ್ರೋಲನ್ನು ಎಷ್ಟು ಕಡಿತ ಮಾಡುತ್ತಿದೆ ಎಂಬ ಅಂಕಿ ಸ್ಕ್ಯಾನರಿನಲ್ಲಿ ಕಾಣುತ್ತದೆ. ಹೆಚ್ಚು ಪೆಟ್ರೋಲು ಬೀಳುತ್ತಿರುವುದು ಅದಕ್ಕೆ ತಿಳಿದಿದ್ದರೆ ಅಂಕಿ ಸೊನ್ನೆಗಿಂತ ಬಹಳ ಕೆಳಗೆ ಇಳಿದಿರಬೇಕಿತ್ತು. ಇಲ್ಲಿ ಅದು ಸೊನ್ನೆಯಲ್ಲಿಯೇ ನಿಂತಿತ್ತು! ಅಂದರೆ ಕಂಪ್ಯೂಟರು ಆಕ್ಸಿಜನ್ ಸೆನ್ಸರಿನ ಮಾತನ್ನು ಕೇಳುತ್ತಲೇ ಇರಲಿಲ್ಲ. ಸಾವಿರಾರು ರೂಪಾಯಿ ತೆತ್ತು ತಂದ ಹೊಸ ದೂತ ಬಾಗಿಲಲ್ಲಿ ಕಾಯುತ್ತ ನಿಂತಿದ್ದ. ಒಳಗೆ ಕರೆಯುವವರೇ ಇರಲಿಲ್ಲ.

ಸುಳ್ಳು ಹೇಳಿದವನು ಸಿಕ್ಕಿದನು

ಎಂಜಿನ್ನು ತಣ್ಣಗಿರುವಾಗ ಕಂಪ್ಯೂಟರು ಆಕ್ಸಿಜನ್ ಸೆನ್ಸರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆಗ ಬೇಕೆಂದೇ ಹೆಚ್ಚು ಪೆಟ್ರೋಲು ಕೊಡುತ್ತದೆ. ಹಿಂದಿನ ಚೋಕ್ ಮಾಡುತ್ತಿದ್ದುದೂ ಇದನ್ನೇ ತಾನೇ? ಮೆಕ್ಯಾನಿಕ್ ಮಾವನವರ ಕಡೆ ತಿರುಗಿದರು.

"ಗೌಡ್ರೇ, ರೇಡಿಯೇಟರ್ ಫ್ಯಾನಿನ ಸದ್ದು ಕೇಳಿ ಎಷ್ಟು ದಿನವಾಯಿತು?"

ಮಾವನವರು ಹೆಮ್ಮೆಯಿಂದಲೇ ಉತ್ತರಿಸಿದರು: "ತಿಂಗಳುಗಳೇ ಆಯಿತು. ಈ ಎಂಜಿನ್ನು ಬಿಸಿಯಾಗುವುದೇ ಇಲ್ಲ ಭಾಯಿ, ಮುಳ್ಳು ಮೇಲೇಳುವುದಿಲ್ಲ!"

ಮುದುಕರು ನಕ್ಕು ಸ್ಕ್ಯಾನರನ್ನು ತೋರಿಸಿದರು. ಅರ್ಧ ಗಂಟೆ ಓಡಿ ಬಂದ, ಮುಟ್ಟಿದರೆ ಕೈ ಸುಡುವ ಎಂಜಿನ್ನಿನ ನೀರಿನ ಉಷ್ಣತೆ ಅದರಲ್ಲಿ 23 ಡಿಗ್ರಿ ಎಂದಿತ್ತು!

ನೀರಿನ ಉಷ್ಣತೆಯ ಸೆನ್ಸರು ಒಂದು ಬಗೆಯ ಜ್ವರಮಾಪಕ. ಬಿಸಿಯೇರಿದಂತೆ ಅದರ ವಿದ್ಯುತ್ ನಿರೋಧ ಇಳಿಯುತ್ತದೆ. ಇಂಥವುಗಳಲ್ಲಿ ಸಾಮಾನ್ಯವಾಗಿ 20 ಡಿಗ್ರಿಯಲ್ಲಿ ಸುಮಾರು 2,500 ಓಮ್ ಇರುವುದು 90 ಡಿಗ್ರಿ ಮುಟ್ಟುವ ಹೊತ್ತಿಗೆ 250ರ ಆಸುಪಾಸಿಗೆ ಬರುತ್ತದೆ. ಮೀಟರ್ ಹಿಡಿದು ನೋಡಿದಾಗ ಸೆನ್ಸರು ತಪ್ಪಿಲ್ಲದೆ 250 ತೋರಿಸಿತು. ಆದರೆ ವೈರಿನ ಕಡೆಯಿಂದ ಅಳೆದರೆ 2,200! ನಡುವಿನ ಕಪ್ಲರನ್ನು ಬಿಚ್ಚಿದಾಗ ಗುಟ್ಟು ರಟ್ಟಾಯಿತು. ಒಳಗಿನ ಪಿನ್ನುಗಳಿಗೆ ನೀರು ಸೇರಿ ಹಸಿರು ಕಿಲುಬು ಹತ್ತಿತ್ತು. ಆ ಕಿಲುಬಿನ ನಿರೋಧವೂ ಸೇರಿಕೊಂಡು ಕುದಿಯುವ ಎಂಜಿನ್ನು ಕಂಪ್ಯೂಟರಿನ ಪಾಲಿಗೆ ನಿತ್ಯವೂ ಚಳಿಯಲ್ಲಿ ನಡುಗುತ್ತಿತ್ತು. ತಂತಿ ಪೂರ್ತಿ ಕಡಿದಿದ್ದರೆ ಕಂಪ್ಯೂಟರು ಕೂಡಲೇ ದೂರು ಕೊಡುತ್ತಿತ್ತು. ಇದು ನಂಬುವಂಥ ಸುಳ್ಳಾದ್ದರಿಂದ ಯಾರಿಗೂ ಸಂಶಯ ಬರಲಿಲ್ಲ.

ಕೆಲವು ನೂರು ರೂಪಾಯಿಗಳ ಹೊಸ ಕಪ್ಲರು ಬಂದಿತು. ಎಂಜಿನ್ನು ಸ್ವಲ್ಪ ಹೊತ್ತು ನಿಂತಲ್ಲೇ ಓಡುತ್ತಿದ್ದಂತೆ ಮುಳ್ಳು ಮೇಲೆದ್ದಿತು. ಮೌನವಾಗಿದ್ದ ಫ್ಯಾನು 'ಗುಂಯ್' ಎಂದು ತಿರುಗಿತು. ಪೆಟ್ರೋಲು ಬೆರೆತ ಆಯಿಲನ್ನು ಚೆಲ್ಲಿ ಹೊಸದನ್ನು ತುಂಬಿದರು. ವಾರ ಕಳೆಯುವಷ್ಟರಲ್ಲಿ ಬಂಡಿ ಮತ್ತೆ ಲೀಟರಿಗೆ 15 ದಾಟಿತು.

ಕಾಣದ ಅಪಾಯ

ಹೊರಡುವ ಮುನ್ನ ಆತ ಮೂರು ಮಾತು ಹೇಳಿದರು. ಫ್ಯಾನು ಸತ್ತಿದ್ದ ಆ ದಿನಗಳಲ್ಲಿ ಪಿಕಪ್ಪು ತೆರೆದ ರಸ್ತೆಯ ಗಾಳಿಯಿಂದ ಬದುಕಿತ್ತು. ಪೇಟೆಯ ವಾಹನಸಂದಣಿಯಲ್ಲಿ ಒಂದು ಗಂಟೆ ಸಿಕ್ಕಿಬಿದ್ದಿದ್ದರೆ ಎಂಜಿನ್ನೇ ಜಾಮ್ ಆಗಬಹುದಿತ್ತು. ಉರಿಯದ ಪೆಟ್ರೋಲು ಸೈಲೆನ್ಸರಿನ ಮುಂದಿರುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದರೆ ಅದು ಅತಿಯಾಗಿ ಕಾದು ಒಳಗೇ ಕರಗುವುದುಂಟು. ಹೊಸದರ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಮೂರನೆಯ ಮಾತು ಎಲ್ಲಕ್ಕಿಂತ ದೊಡ್ಡದು. "ರಾತ್ರಿ ಶೆಡ್ಡಿನಲ್ಲಿ ಎಂಜಿನ್ನು ಆರಿಸದೆ ಮಾಲು ತುಂಬುತ್ತೀರಾ?" ಎಂದು ಕೇಳಿದರು. ಮಾವನವರ ಮುಖ ಬಾಡಿತು. ಅವರ ಮಗ ಕೆಲವು ವಾರಗಳಿಂದ ಬೆಳಗಿನ ತಲೆನೋವೆಂದು ಗೊಣಗುತ್ತಿದ್ದನು. ಗಾಳಿ ಸಾಲದೆ ಉರಿದ ಪೆಟ್ರೋಲಿನಿಂದ ಕಾರ್ಬನ್ ಮಾನಾಕ್ಸೈಡ್ ಹೆಚ್ಚಾಗಿ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಜಾಗದಲ್ಲಿ ಅದು ಪ್ರಾಣವನ್ನೇ ತೆಗೆಯಬಲ್ಲುದು.

ಸ್ವಂತ ವಾಹನವುಳ್ಳ ವಾಚಕರು ಒಂದು ಸಣ್ಣ ಪರೀಕ್ಷೆಯನ್ನು ನೆನಪಿಡಬಹುದು. ರಾತ್ರಿಯೆಲ್ಲ ನಿಂತ ಬಂಡಿಗೆ ಬೆಳಗ್ಗೆ ಸ್ಕ್ಯಾನರ್ ಜೋಡಿಸಿದರೆ ನೀರಿನ ಉಷ್ಣತೆಯೂ ಒಳಬರುವ ಗಾಳಿಯ ಉಷ್ಣತೆಯೂ ಹೆಚ್ಚುಕಡಿಮೆ ಒಂದೇ ಇರಬೇಕು. ಇಲ್ಲವಾದರೆ ಇಬ್ಬರಲ್ಲಿ ಒಬ್ಬರು ಸುಳ್ಳಾಡುತ್ತಿದ್ದಾರೆ. 'ಇದನ್ನು ಬದಲಾಯಿಸಬೇಕು' ಎನ್ನುವ ಮೆಕ್ಯಾನಿಕ್ಕನನ್ನು 'ಹೇಗೆ ಗೊತ್ತಾಯಿತು?' ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಮಾವನವರ ಮಗನ ತಲೆನೋವು ಈಗಿಲ್ಲ. ಮಾಲು ತುಂಬುವುದು ಈಗ ಬಯಲಿನಲ್ಲಿ, ಎಂಜಿನ್ನು ಆರಿಸಿದ ಮೇಲೆಯೇ. ಮಾರುಕಟ್ಟೆಯ ಸಾಲಿನಲ್ಲಿ ಕಾಯುವಾಗ ಫ್ಯಾನು ಸದ್ದು ಮಾಡಿದರೆ ಮಾವನವರು ಪಕ್ಕದವರಿಗೆ ಹೇಳುತ್ತಾರಂತೆ: "ನಮ್ಮ ಎಂಜಿನ್ನು ಬಿಸಿಯಾಗುತ್ತದಪ್ಪ, ದೇವರ ದಯೆ!"