ಹಳೆಯ ಪಿಕ್‌ಅಪ್ ವಾಹನಕ್ಕೆ ಸರಿಯಾದ ಟೈರ್ ಅಳತೆ

ನಮ್ಮ ಸದಸ್ಯ ವ್ಯಾಪಾರಸ್ಥರಲ್ಲಿ ಬಹಳ ಮಂದಿಯ ಬಳಿ ಸರಕು ಸಾಗಣೆಗಾಗಿ ಒಂದೋ ಎರಡೋ ಪಿಕ್‌ಅಪ್ ವಾಹನಗಳಿವೆ. ಅವುಗಳಲ್ಲಿ ಅನೇಕವು ಹತ್ತು ಹನ್ನೆರಡು ವರ್ಷ ಹಳೆಯವು. ಕೆಲವು ಮೂರನೆಯ ಮಾಲೀಕರ ಕೈಗೆ ಬಂದಿರುವಂಥವು. ಇಂತಹ ವಾಹನದ ಟೈರ್ ಸವೆದಾಗ ಚಾಲಕನು ಅಂಗಡಿಗೆ ಹೋಗಿ, ಈಗ ಹಾಕಿರುವ ಅಳತೆಯನ್ನೇ ತೋರಿಸಿ, ಅದೇ ಅಳತೆಯ ಅಥವಾ ಅಂದು ದಾಸ್ತಾನಿನಲ್ಲಿರುವ ಬೇರೊಂದು ಟೈರನ್ನು ಹಾಕಿಸಿಕೊಂಡು ಬರುವುದು ವಾಡಿಕೆ. ಬಿಲ್ಲಿನಲ್ಲಿ ‘ಟೈರ್ 4’ ಎಂಬುದರ ಹೊರತು ಬೇರೇನೂ ಇರುವುದಿಲ್ಲ. ಲೆಕ್ಕಪುಸ್ತಕದಲ್ಲಿ ಅದು ವಾಹನ ನಿರ್ವಹಣಾ ವೆಚ್ಚವೆಂದು ದಾಖಲಾಗಿ ಮುಗಿಯುತ್ತದೆ. ಆದರೆ ತಪ್ಪು ಅಳತೆಯ ಟೈರ್ ವಾಹನದ ಸುರಕ್ಷತೆ, ನೋಂದಣಿಯ ವಿವರ, ಡೀಸೆಲ್ ಲೆಕ್ಕ ಎಲ್ಲವನ್ನೂ ಬಾಧಿಸುತ್ತದೆಯಾದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ.

ಮೊದಲಿಗೆ ಟೈರಿನ ಪಕ್ಕದ ಮೇಲಿರುವ ಬರಹವನ್ನು ಓದುವ ಕ್ರಮ. 215/75 ಆರ್ 15 ಎಂಬ ಗುರುತನ್ನು ತೆಗೆದುಕೊಳ್ಳೋಣ. 215 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 75 ಎಂಬುದು ಪಕ್ಕದ ಗೋಡೆಯ ಎತ್ತರವು ಅಗಲದ ಶೇಕಡಾ ಎಷ್ಟು ಎಂಬುದು. ‘ಆರ್’ ಎಂದರೆ ರೇಡಿಯಲ್ ರಚನೆ. 15 ಎಂಬುದು ರಿಮ್ಮಿನ ವ್ಯಾಸ. ಇದು ಮಾತ್ರ ಅಂಗುಲಗಳಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರ್, ಶೇಕಡಾವಾರು, ಅಂಗುಲ ಮೂರನ್ನೂ ಸೇರಿಸಿರುವುದು ಲೆಕ್ಕಿಗರ ಕಣ್ಣಿಗೆ ವಿಚಿತ್ರವೆನಿಸಿದರೂ ಜಗತ್ತಿನಾದ್ಯಂತ ರೂಢಿಯಲ್ಲಿರುವುದು ಇದೇ. ಪಕ್ಕದ ಗೋಡೆ 161.25 ಮಿ.ಮೀ.; ಅದರ ಎರಡರಷ್ಟು 322.5, ರಿಮ್ಮಿನ 15 ಅಂಗುಲ ಎಂದರೆ 381. ಒಟ್ಟು ವ್ಯಾಸ 703.5 ಮಿ.ಮೀ.

ಹಳೆಯ ವಾಹನಗಳಲ್ಲಿ ಇನ್ನೆರಡು ಬಗೆಯ ಗುರುತುಗಳು ಕಾಣಸಿಗುತ್ತವೆ. 195 ಆರ್ 15 ಎಂಬಲ್ಲಿ ಶೇಕಡಾವಾರನ್ನು ನಮೂದಿಸಿಲ್ಲ. ಅಂತಹ ಕಡೆ ಅದನ್ನು ಸುಮಾರು 82 ಎಂದು ಭಾವಿಸಬೇಕು. 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್ ವಾಹನದ 145 ಆರ್ 12 ಟೈರು ಈ ಜಾತಿಯದೇ. 7.00-15 ಎಂಬುದು ಇನ್ನೂ ಹಳೆಯ ಪದ್ಧತಿ: ಇಲ್ಲಿ ಅಗಲವೂ ಅಂಗುಲಗಳಲ್ಲಿಯೇ ಇದ್ದು, ಮಧ್ಯದ ಅಡ್ಡಗೆರೆಯು ಅದು ರೇಡಿಯಲ್ ಅಲ್ಲ, ನೈಲಾನ್ ಕ್ರಾಸ್‌ಪ್ಲೈ ಎಂಬುದನ್ನು ಸೂಚಿಸುತ್ತದೆ. ಈ ಎರಡು ರಚನೆಗಳನ್ನು ಒಂದೇ ಆಕ್ಸಲ್ಲಿನಲ್ಲಿ ಬೆರೆಸಲೇಬಾರದು. ತಿರುವಿನಲ್ಲಿಯೂ ಬ್ರೇಕ್ ಹಾಕುವಾಗಲೂ ಅವುಗಳ ವರ್ತನೆ ಬೇರೆ ಬೇರೆ.

ಹಾಗಾದರೆ ನಮ್ಮ ವಾಹನಕ್ಕೆ ಯಾವ ಅಳತೆ ಸರಿ? ಈಗ ಚಕ್ರದಲ್ಲಿರುವ ಟೈರನ್ನು ಇದಕ್ಕೆ ಪ್ರಮಾಣವೆಂದು ಒಪ್ಪಲಾಗದು, ಏಕೆಂದರೆ ಹಿಂದಿನ ಮಾಲೀಕರು ಏನು ಮಾಡಿದ್ದರೋ ತಿಳಿಯದು. ಚಾಲಕನ ಬಾಗಿಲಿನ ಕಂಬದ ಮೇಲೆ ಅಂಟಿಸಿದ ಚೀಟಿ ಅಥವಾ ತಯಾರಕರ ಕೈಪಿಡಿ ಮೊದಲ ಆಧಾರ. ಚೀಟಿ ಅಳಿಸಿಹೋಗಿ ಕೈಪಿಡಿ ಕಳೆದುಹೋಗಿದ್ದರೆ ಚಾಸಿಸ್ ಸಂಖ್ಯೆಯನ್ನು ಕೊಟ್ಟು ತಯಾರಕರ ಅಧಿಕೃತ ಸೇವಾ ಕೇಂದ್ರದಲ್ಲಿ ವಿಚಾರಿಸಬಹುದು. ಒಂದೇ ಹೆಸರಿನ ಪಿಕ್‌ಅಪ್ಪಿನಲ್ಲಿಯೂ ಭಾರ ಹೊರುವ ಸಾಮರ್ಥ್ಯಕ್ಕೆ ತಕ್ಕಂತೆ ಬೇರೆ ಬೇರೆ ಟೈರುಗಳಿರುವುದರಿಂದ, ವಾಹನದ ಹೆಸರು ಹೇಳಿದರಷ್ಟೇ ಸಾಲದು.

ಮತ್ತೊಂದು ಆಧಾರವನ್ನು ಬಹುಮಂದಿ ಮರೆಯುತ್ತಾರೆ. 1988ರ ಮೋಟಾರು ವಾಹನ ಅಧಿನಿಯಮದ 58ನೇ ಪ್ರಕರಣದಂತೆ, ಸಾರಿಗೆ ವಾಹನವನ್ನು ನೋಂದಾಯಿಸುವಾಗ ಪ್ರತಿ ಚಕ್ರಕ್ಕೆ ಹಾಕಿದ ಟೈರುಗಳ ಸಂಖ್ಯೆ, ಸ್ವರೂಪ ಮತ್ತು ಅಳತೆಯನ್ನೂ, ವಾಹನದ ಒಟ್ಟು ತೂಕ ಹಾಗೂ ಆಕ್ಸಲ್ ತೂಕಗಳನ್ನೂ ದಾಖಲಿಸಬೇಕು. ನೋಂದಣಿ ಅರ್ಜಿಯಾದ ನಮೂನೆ 20ರಲ್ಲಿಯೂ ಟೈರ್ ವಿವರದ ಅಂಕಣವಿದೆ. ಆದ್ದರಿಂದ ಕೈಯಲ್ಲಿರುವ ಕಾರ್ಡಿನಲ್ಲಿ ಇವೆಲ್ಲ ಕಾಣದಿದ್ದರೂ ದಾಖಲೆಯಲ್ಲಿ ಇರಬೇಕಾದ ಸಂಗತಿಗಳಿವು. ಟೈರಿನ ಬದಲಾವಣೆಯಿಂದ ಒಟ್ಟು ತೂಕದ ವಿವರವು ಹೊಂದಿಕೆಯಾಗದೆ ಹೋದಲ್ಲಿ, ಅದು 52ನೇ ಪ್ರಕರಣದ ವಾಹನ ಮಾರ್ಪಾಟಿನ ವ್ಯಾಪ್ತಿಗೆ ಬರುತ್ತದೆ. ವಾಹನವನ್ನು ಸುಸ್ಥಿತಿಯಲ್ಲಿ ಇಟ್ಟಿರಬೇಕೆಂಬ ಷರತ್ತು ವಿಮಾ ಪಾಲಿಸಿಯಲ್ಲಿಯೂ ಇದೆ. ಅಪಘಾತವಾದ ಮೇಲೆ ಸರ್ವೇಯರು ಟೈರಿನ ಕಡೆ ಬಾಗಿ ನೋಡುವಾಗ ಈ ಷರತ್ತಿನ ನೆನಪಾಗುವುದಕ್ಕಿಂತ, ಟೈರ್ ಖರೀದಿಸುವಾಗಲೇ ಆಗುವುದು ಮೇಲು.

ಇನ್ನು ಅತಿ ಮುಖ್ಯವಾದ ಅಂಶ. ಅಳತೆ ಸರಿಯಿದ್ದ ಮಾತ್ರಕ್ಕೆ ಟೈರ್ ಸರಿಯಿದೆಯೆಂದು ಅರ್ಥವಲ್ಲ. ಅಳತೆಯ ನಂತರ ಒಂದು ಸಂಖ್ಯೆ, ಒಂದು ಅಕ್ಷರ ಇರುತ್ತವೆ. ಅಕ್ಷರವು ಗರಿಷ್ಠ ವೇಗಕ್ಕೆ ಸಂಬಂಧಿಸಿದ್ದು. ಕ್ಯೂ ಎಂದರೆ ಗಂಟೆಗೆ 160 ಕಿ.ಮೀ. ಸರಕು ತುಂಬಿದ ಪಿಕ್‌ಅಪ್ ಅಷ್ಟು ವೇಗದಲ್ಲಿ ಓಡುವ ಪ್ರಮೇಯವೇ ಇಲ್ಲವಾದ್ದರಿಂದ ಅದನ್ನು ಬದಿಗಿಡೋಣ. ಸಂಖ್ಯೆಯಾದರೋ ಲೋಡ್ ಇಂಡೆಕ್ಸ್, ಅಂದರೆ ಒಂದು ಟೈರ್ ಹೊರಬಲ್ಲ ಭಾರದ ಸಂಕೇತ. ಇದು ಕಿಲೋಗ್ರಾಂ ಅಲ್ಲ, ಕೋಷ್ಟಕದ ಕ್ರಮಸಂಖ್ಯೆ. 100 ಎಂದರೆ 800 ಕಿಲೋ. 106 ಎಂದರೆ 950 ಕಿಲೋ. 112 ಎಂದರೆ 1,120 ಕಿಲೋ. 106/103 ಎಂದು ಎರಡು ಸಂಖ್ಯೆಗಳಿದ್ದರೆ, ಎರಡನೆಯದು ಜೋಡಿ ಚಕ್ರಗಳಿರುವ ವಾಹನಕ್ಕೆ ಅನ್ವಯಿಸುತ್ತದೆ.

215/75 ಆರ್ 15 ಅಳತೆಯ ಟೈರು ಜೀಪ್ ಮಾದರಿಯ ಪ್ರಯಾಣಿಕ ವಾಹನಗಳಿಗೂ ಸಿಗುತ್ತದೆ, ಸರಕು ವಾಹನಗಳಿಗೂ ಸಿಗುತ್ತದೆ. ಮೊದಲನೆಯದರಲ್ಲಿ ಲೋಡ್ ಇಂಡೆಕ್ಸ್ 100 ಇದ್ದು, ಎರಡನೆಯದರಲ್ಲಿ ‘ಎಲ್‌ಟಿ’ ಗುರುತಿನೊಡನೆ 106 ಇದೆಯೆಂದು ಇಟ್ಟುಕೊಳ್ಳೋಣ. ವಾಹನದ ಹಿಂದಿನ ಆಕ್ಸಲ್ಲಿನ ನೋಂದಾಯಿತ ತೂಕ 1,900 ಕಿಲೋ ಆಗಿದ್ದರೆ ಪ್ರತಿ ಟೈರು 950 ಕಿಲೋ ಹೊರಬೇಕು. ಎಲ್‌ಟಿ ಟೈರಿಗೆ ಅದು ಸರಿಹೋಗುತ್ತದೆ. ಪ್ರಯಾಣಿಕ ವಾಹನದ ಟೈರು ಹಾಕಿದರೆ ಎರಡೂ ಸೇರಿ 1,600 ಕಿಲೋ ಮಾತ್ರ. 300 ಕಿಲೋ ಕೊರತೆ. ಎರಡೂ ಟೈರುಗಳು ಒಂದೇ ರಿಮ್ಮಿಗೆ ಸಲೀಸಾಗಿ ಕೂರುತ್ತವೆ, ನೋಡಲೂ ಒಂದೇ ತರಹ. ಬ್ಯಾಡಗಿ ಮೆಣಸಿನಕಾಯಿಯ ಚೀಲಗಳನ್ನು ಹೇರಿದಾಗ ಗಾಡಿ ತುಂಬಿದಂತೆ ಕಂಡರೂ ತೂಕ ಅಷ್ಟಿರುವುದಿಲ್ಲ. ಹೀಗಾಗಿ ಈ ಕೊರತೆ ತಿಂಗಳುಗಟ್ಟಲೆ ಬೆಳಕಿಗೆ ಬಾರದು. 50 ಕಿಲೋದ 30 ಸಿಮೆಂಟ್ ಚೀಲ ಹೇರಿ, ಏಪ್ರಿಲ್ ತಿಂಗಳ ಮಧ್ಯಾಹ್ನ ಹೆದ್ದಾರಿಯಲ್ಲಿ ಹೊರಟ ದಿನ ಅದು ಗೊತ್ತಾಗುತ್ತದೆ. ಆ ಹೊತ್ತಿನಲ್ಲಿ ಸ್ಟೀರಿಂಗ್ ಹಿಡಿದಿರುವವನು ನಮ್ಮ ಚಾಲಕ ಎಂಬುದನ್ನು ಮಾಲೀಕರು ನೆನಪಿನಲ್ಲಿಡಬೇಕು.

ಟೈರಿನ ಮೇಲೆ ಬರೆದ ಭಾರವೂ ನಿಗದಿತ ಗಾಳಿಯ ಒತ್ತಡ ಇದ್ದಾಗ ಮಾತ್ರ ನಿಜ. ಎಲ್‌ಟಿ ಟೈರನ್ನು ಕೊಂಡು ಕಾರಿನ ಟೈರಿಗೆ ತುಂಬುವಷ್ಟೇ ಗಾಳಿ ತುಂಬಿದರೆ ಹೆಚ್ಚಿನ ಬೆಲೆ ಕೊಟ್ಟದ್ದು ವ್ಯರ್ಥ.

ದೊಡ್ಡ ಟೈರ್ ಹಾಕಿಸುವ ಆಸೆಯೂ ಕೆಲವರಿಗಿದೆ. ಕೆಸರಿನಲ್ಲಿ ಹೂತುಕೊಳ್ಳದು, ನೆಲಕ್ಕೆ ತಾಗದು ಎಂಬ ವಾದ. 215/75ರ ಬದಲು 235/75 ಆರ್ 15 ಹಾಕಿದರೆ ವ್ಯಾಸ 733.5 ಮಿ.ಮೀ. ಆಗುತ್ತದೆ, ಅಂದರೆ ಶೇಕಡಾ 4.3ರಷ್ಟು ಹೆಚ್ಚು. ಸ್ಪೀಡೋಮೀಟರ್ 60 ತೋರಿಸುವಾಗ ನಿಜವಾದ ವೇಗ 62.5ರ ಮೇಲಿರುತ್ತದೆ. ಭಾರ ತುಂಬಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜುವ ಸಂಭವವೂ ಉಂಟು. ಆದರೆ ನಾನು ಹೆಚ್ಚು ಹೇಳಬೇಕೆಂದಿರುವುದು ದೂರಮಾಪಕದ ವಿಷಯ. ಅದು ಎಣಿಸುವುದು ಚಕ್ರದ ಸುತ್ತುಗಳನ್ನು, ರಸ್ತೆಯ ಉದ್ದವನ್ನಲ್ಲ. ಟೈರು ದೊಡ್ಡದಾದರೆ ಅಷ್ಟೇ ದೂರಕ್ಕೆ ಸುತ್ತುಗಳು ಕಡಿಮೆ. ತಿಂಗಳಿಗೆ 2,400 ಕಿ.ಮೀ. ಓಡಿದ ವಾಹನ 200 ಲೀಟರ್ ಡೀಸೆಲ್ ಬಳಸಿತೆನ್ನಿ. ಲೀಟರಿಗೆ 12 ಕಿ.ಮೀ. ಆಯಿತು. ದೊಡ್ಡ ಟೈರಿನೊಡನೆ ಅದೇ ದೂರ ಮಾಪಕದಲ್ಲಿ ಸುಮಾರು 2,302 ಎಂದು ದಾಖಲಾಗುತ್ತದೆ. 12ರ ಲೆಕ್ಕದಲ್ಲಿ ನೋಡುವ ಮಾಲೀಕರಿಗೆ ಸುಮಾರು 8 ಲೀಟರ್ ಡೀಸೆಲ್ ಕಾಣೆಯಾದಂತೆ ತೋರುತ್ತದೆ.

ಒಂದು ಸಂಸ್ಥೆಯ ಲೆಕ್ಕ ಪರಿಶೋಧನೆಯಲ್ಲಿ, ಚಾಲಕನ ಸಂಬಳದಿಂದ ಪ್ರತಿ ತಿಂಗಳೂ ‘ಡೀಸೆಲ್ ಕೊರತೆ’ ಎಂದು ಹಣ ಮುರಿದುಕೊಂಡಿರುವುದು ನನ್ನ ಗಮನಕ್ಕೆ ಬಂದಿತು. ಕೊರತೆ ಆರಂಭವಾದ ತಿಂಗಳು ಯಾವುದೆಂದು ಹಿಂದಕ್ಕೆ ಹೋಗಿ ನೋಡಿದಾಗ, ಅದೇ ತಿಂಗಳಲ್ಲಿ ಟೈರ್ ಬಿಲ್ಲೊಂದು ಇತ್ತು. ನಿತ್ಯವೂ ಹೋಗುವ ಊರಿನ ಮೈಲಿಗಲ್ಲಿನ ದೂರದೊಂದಿಗೆ ಮಾಪಕವನ್ನು ತಾಳೆ ನೋಡಿದ ಮೇಲೆ ಮಾಲೀಕರು ಮುರಿದ ಹಣವನ್ನು ಹಿಂದಿರುಗಿಸಿದರು. ಆದರೆ ಆ ಚಾಲಕ ಮರುತಿಂಗಳೇ ಬೇರೆ ಕಡೆ ಕೆಲಸಕ್ಕೆ ಹೋದ.

ಸಮಾನ ವ್ಯಾಸದ ಬದಲಿ ಅಳತೆಗಳೂ ಇಲ್ಲದಿಲ್ಲ. 195 ಆರ್ 15 ಟೈರಿನ ವ್ಯಾಸ ಸುಮಾರು 701 ಮಿ.ಮೀ.; 215/75ಕ್ಕೂ ಇದಕ್ಕೂ ಅರ್ಧ ಶೇಕಡಾ ವ್ಯತ್ಯಾಸವೂ ಇಲ್ಲ. ಮೂಲ ಅಳತೆ ದೊರೆಯದಿದ್ದಾಗ ಇಂತಹ ಬದಲಿಯನ್ನು ಪರಿಶೀಲಿಸಬಹುದು. ಆದರೆ ಲೋಡ್ ಇಂಡೆಕ್ಸ್ ಮೂಲ ಟೈರಿಗಿಂತ ಕಡಿಮೆಯಿರಕೂಡದು, ರಿಮ್ಮಿನ ಅಗಲಕ್ಕೆ ಹೊಂದಬೇಕು, ತಯಾರಕರು ಆ ಅಳತೆಯನ್ನು ಒಪ್ಪಿರಬೇಕು. ಒಂದೇ ಆಕ್ಸಲ್ಲಿನ ಎರಡೂ ಟೈರುಗಳನ್ನು ಜೊತೆಯಾಗಿಯೇ ಬದಲಾಯಿಸುವುದು ಕ್ಷೇಮ. ಸ್ಟೆಪ್ನಿಯನ್ನೂ ಮರೆಯಬಾರದು.

ತೆರಿಗೆಯ ಬಗ್ಗೆ ಎರಡು ಮಾತು. ಹೊಸ ಟೈರುಗಳ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿಸಲಾಗಿದೆ. 24,000 ರೂಪಾಯಿ ಮೂಲಬೆಲೆಯ ನಾಲ್ಕು ಟೈರುಗಳ ಮೇಲೆ 6,720 ರೂಪಾಯಿ ಆಗುತ್ತಿದ್ದ ತೆರಿಗೆ 4,320ಕ್ಕೆ ಇಳಿದಂತಾಯಿತು. ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತರಾದ ವ್ಯಾಪಾರಸ್ಥರು ತಮ್ಮ ತೆರಿಗೆ ಬಾಧ್ಯ ವ್ಯವಹಾರಕ್ಕೆ ಬಳಸುವ ಸರಕು ವಾಹನದ ಟೈರಿಗೆ ತೆತ್ತ ಈ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಕಾಂಪೋಸಿಷನ್ ಪದ್ಧತಿಯವರಿಗೆ ಈ ಸೌಲಭ್ಯವಿಲ್ಲ.

ಜಮೆ ಪಡೆಯಲು ಹೇಗೂ ಸಂಸ್ಥೆಯ ಜಿಎಸ್‌ಟಿ ಸಂಖ್ಯೆಯಿರುವ ಬಿಲ್ಲು ಬೇಕು. ಅದರಲ್ಲಿಯೇ ವಾಹನದ ಸಂಖ್ಯೆ, ಟೈರಿನ ಪೂರ್ಣ ಅಳತೆ, ಲೋಡ್ ಇಂಡೆಕ್ಸ್ ಮತ್ತು ತಯಾರಿಕೆಯ ವಾರ ತಿಳಿಸುವ ನಾಲ್ಕು ಅಂಕಿಗಳನ್ನು ಬರೆಸಿಕೊಳ್ಳಬೇಕು. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದ ಟೈರ್ ಎಂದರ್ಥ. ಟೈರ್ ಬದಲಾಯಿಸಿದ ದಿನದ ದೂರಮಾಪಕದ ಅಂಕಿಯನ್ನು ಅದೇ ಬಿಲ್ಲಿನ ಹಿಂಬದಿಯಲ್ಲಿ ಚಾಲಕನಿಂದಲೇ ಬರೆಯಿಸಿ ಸಹಿ ಪಡೆದರೆ, ಮುಂದೆ ಡೀಸೆಲ್ ಲೆಕ್ಕದಲ್ಲಿ ವ್ಯತ್ಯಾಸ ಬಂದಾಗ ಎಲ್ಲಿಂದ ನೋಡಬೇಕೆಂಬುದು ಇಬ್ಬರಿಗೂ ಗೊತ್ತಿರುತ್ತದೆ.